ಓದುತ್ತಿರುವಾಗಲೇ ಸಾಲದ ಬಡ್ಡಿ ಕಟ್ಟಬೇಕೇ, ಕೈಯಲ್ಲಿ ನಾಲ್ಕು ಕಾಸು ಇಟ್ಟುಕೊಳ್ಳಬೇಕೇ?

ಇಪ್ಪತ್ತರ_ಬಳಿಕ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದ ಕೋರ್ಸಿನಲ್ಲಿ ಈಗಷ್ಟೇ ಎರಡನೇ ವರ್ಷಕ್ಕೆ ಕಾಲಿಟ್ಟಿದ್ದೇನೆ. ಶುಲ್ಕಕ್ಕಾಗಿ ನಾಲ್ಕು ಲಕ್ಷ ಶಿಕ್ಷಣ ಸಾಲ ಮಂಜೂರಾಗಿದೆ, ಬಡ್ಡಿ ಶೇ. 10. ಕೋರ್ಸು ಮುಗಿದು ಒಂದು ವರ್ಷ ಆಗುವವರೆಗೂ ಏನನ್ನೂ ಕಟ್ಟಬೇಕಾಗಿಲ್ಲ ಎಂದಿದ್ದಾರೆ. ಸಂಜೆ ಇಬ್ಬರು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ, ಅದರಿಂದ ತಿಂಗಳಿಗೆ ಮೂರು ಸಾವಿರ ಬರುತ್ತದೆ. ಮನೆಯಿಂದ ಬರುವ ಖರ್ಚಿನ ಹಣ ಬೇರೆ. ಅದು ಇಪ್ಪತ್ತನೇ ತಾರೀಖಿಗೆ ಮುಗಿಯುತ್ತದೆ. ಒಂದು ದಿನ ಹಿಂದೆ ಮುಂದೆ ಆದದ್ದಿಲ್ಲ.

ಸೀನಿಯರ್ ಒಬ್ಬರು "ಈಗಿನಿಂದಲೇ ಬಡ್ಡಿ ಕಟ್ಟುತ್ತಾ ಬಾ, ಇಲ್ಲವಾದರೆ ಮುಂದೆ ಅಳುತ್ತೀಯ" ಎನ್ನುತ್ತಾರೆ. ನನ್ನ ರೂಮಿನ ಗೆಳೆಯ "ಬ್ಯಾಂಕಿನವರೇ ಕೇಳುತ್ತಿಲ್ಲ, ನಿನಗೇನು ಅವಸರ?" ಎನ್ನುತ್ತಾನೆ. (ಇದೇ ಗೆಳೆಯ ಪರೀಕ್ಷಾ ಶುಲ್ಕಕ್ಕೆಂದು ನನ್ನಿಂದ ಎರಡು ಸಾವಿರ ತೆಗೆದುಕೊಂಡು ಮೂರು ತಿಂಗಳಾಯಿತು.) ಇದರ ನಡುವೆ ಲ್ಯಾಪ್‌ಟಾಪ್ ಕೊನೆಯುಸಿರು ಎಳೆಯುತ್ತಿದೆ. ಬಡ್ಡಿಯಿಲ್ಲದ ಕಂತಿನಲ್ಲಿ ಹೊಸದು ಸಿಗುತ್ತದಂತೆ. ಮೂರು ಸಾವಿರವನ್ನು ಯಾವುದಕ್ಕೆ ಹಾಕಲಿ?

ಕೊನೆಯ_ಬೆಂಚು:
ರೂಮಿನ ಗೆಳೆಯನ ಸಲಹೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಲ ತೀರಿಸದೆ ಇರುವುದರಲ್ಲಿ ಅವನಿಗೆ ಮೂರು ತಿಂಗಳ ಅನುಭವವಿದೆ.

ಶೇಷ_ಸೊನ್ನೆ:
ಇದರಲ್ಲಿ ಯೋಚಿಸುವುದೇನಿದೆ? ನಾಲ್ಕು ಲಕ್ಷಕ್ಕೆ ಶೇ. 10 ಎಂದರೆ ವರ್ಷಕ್ಕೆ 40,000. ನಾಲ್ಕು ವರ್ಷ ಓದು, ಒಂದು ವರ್ಷ ಕಾಯುವಿಕೆ, ಒಟ್ಟು ಐದು. ಎರಡು ಲಕ್ಷ ಬರೀ ಬಡ್ಡಿ. ಕೆಲಸ ಸಿಗುವ ಹೊತ್ತಿಗೆ ನಾಲ್ಕು ಲಕ್ಷದ ಸಾಲ ಆರು ಲಕ್ಷವಾಗಿರುತ್ತದೆ. ಬಡ್ಡಿ ಕಟ್ಟಿ.

ಹಳೆ_ಲೆಡ್ಜರ್:
ಶೇಷ_ಸೊನ್ನೆಯವರೇ, ಹುಡುಗನನ್ನು ಹೆದರಿಸಬೇಡಿ. ಮೂವತ್ತು ವರ್ಷ ಸಾಲದ ಕೌಂಟರಿನ ಒಳಬದಿಯಲ್ಲಿ ಕುಳಿತವನು ನಾನು. ಮಂಜೂರಾದ ಮೊತ್ತಕ್ಕೆಲ್ಲ ಮೊದಲ ದಿನದಿಂದ ಬಡ್ಡಿ ಬೀಳುವುದಿಲ್ಲ. ಬಿಡುಗಡೆಯಾದ ಹಣಕ್ಕೆ ಮಾತ್ರ, ಅದೂ ಬಿಡುಗಡೆಯಾದ ದಿನದಿಂದ. ವರ್ಷಕ್ಕೊಂದು ಲಕ್ಷದಂತೆ ಕಾಲೇಜಿಗೆ ಹೋಗುತ್ತಿದೆ ಎಂದುಕೊಳ್ಳೋಣ. ಮೊದಲ ಲಕ್ಷಕ್ಕೆ ನಾಲ್ಕು ವರ್ಷದ ಬಡ್ಡಿ 40,000, ಎರಡನೆಯದಕ್ಕೆ 30,000, ಮೂರನೆಯದಕ್ಕೆ 20,000, ಕೊನೆಯದಕ್ಕೆ 10,000. ಓದು ಮುಗಿದಾಗ ಒಂದು ಲಕ್ಷ. ಕಾಯುವ ವರ್ಷಕ್ಕೆ ಇನ್ನೊಂದು 40,000. ಒಟ್ಟು 1,40,000. ಕಂತು ಶುರುವಾಗುವುದು 5,40,000ದಿಂದ, ಆರು ಲಕ್ಷದಿಂದಲ್ಲ.

ಇದು ಸರಳ ಬಡ್ಡಿಯ ಲೆಕ್ಕ. ಓದಿನ ಅವಧಿಗೆ ಸರಳ ಬಡ್ಡಿಯೋ ಚಕ್ರಬಡ್ಡಿಯೋ ಎಂಬುದು ಕರಾರು ಪತ್ರದಲ್ಲಿ ಇರುತ್ತದೆ. ಸಹಿ ಹಾಕುವಾಗ ಯಾರೂ ಓದದ ಪುಟ ಅದು.

ಶೇಷ_ಸೊನ್ನೆ:
ಒಪ್ಪಿದೆ ಸರ್, ತಪ್ಪು ನನ್ನದು. ವಾರ್ಷಿಕ ಚಕ್ರಬಡ್ಡಿಯಾದರೆ ಅದೇ ಸಾಲ ಸುಮಾರು 5,61,500 ಆಗುತ್ತದೆ. ಅಂದರೆ ಆ ಓದದ ಪುಟದ ಬೆಲೆ 21,500.

ಆದರೆ ನನ್ನ ವಾದ ಬಿಡುವುದಿಲ್ಲ. ನಾಲ್ಕು ಲಕ್ಷವನ್ನು ಹತ್ತು ವರ್ಷದ ಕಂತಿಗೆ ಹಾಕಿದರೆ ತಿಂಗಳಿಗೆ 5,286. 5,40,000 ಆದರೆ 7,136. ವ್ಯತ್ಯಾಸ 1,850, ಅದನ್ನು 120 ತಿಂಗಳು ಕಟ್ಟಬೇಕು, 2,22,000. ಈಗ 1,40,000 ಕಟ್ಟಲು ಹಿಂದೆಮುಂದೆ ನೋಡಿದರೆ ಆಮೇಲೆ 2,22,000 ಕಟ್ಟುತ್ತೀರಿ. ಬಡ್ಡಿಯನ್ನು ಅಸಲಿಗೆ ಸೇರಿಸಿದ ಗಳಿಗೆಯಿಂದ ಬಡ್ಡಿಗೂ ಬಡ್ಡಿ ಹುಟ್ಟುತ್ತದೆ. ಕಟ್ಟಬೇಕಾಗಿಲ್ಲ ಎಂದರೆ ಬಡ್ಡಿ ಬೆಳೆಯುವುದಿಲ್ಲ ಎಂದು ಅರ್ಥವಲ್ಲ.

ಇಪ್ಪತ್ತರ_ಬಳಿಕ:
ಇಷ್ಟು ದಿನ ನಾನು ಹಾಗೆಂದೇ ತಿಳಿದಿದ್ದೆ. ರಜೆ ಕೊಟ್ಟಿದ್ದಾರೆ ಎಂದರೆ ಬಡ್ಡಿಗೂ ರಜೆ ಎಂದು.

ಕೊನೆಯ_ಬೆಂಚು:
ಬಡ್ಡಿಗೆ ಭಾನುವಾರವೂ ಇಲ್ಲ ತಮ್ಮಾ.

ಎರಡು_ಮಕ್ಕಳ_ಅಪ್ಪ:
ಈಗಿನ ಹುಡುಗರಿಗೆ ಹಣದ ಬೆಲೆಯೇ ಗೊತ್ತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಇಪ್ಪತ್ತನೇ ತಾರೀಖಿಗೆ ಹಣ ಮುಗಿಯುತ್ತದೆ ಎಂದರೆ ಖರ್ಚಿನಲ್ಲಿ ಹಿಡಿತವಿಲ್ಲ ಎಂದರ್ಥ. ಮೊದಲು ಅದನ್ನು ಸರಿಮಾಡಿಕೊಳ್ಳಲಿ.

ನೀಲಿಶಾಯಿ:
ಸರ್, ಹಾಸಿಗೆ ಎಷ್ಟಿದೆ ಎಂದು ಅವರು ಹೇಳಿಯೇ ಇಲ್ಲ, ನೀವು ಕಾಲನ್ನು ಅಳೆಯುತ್ತಿದ್ದೀರಿ. ಸಾಲದ ಮೇಲಿನ ಆ ಹಳೆಯ ತ್ರಿಪದಿಯನ್ನೂ ದಯವಿಟ್ಟು ಯಾರೂ ಹಾಕಬೇಡಿ. ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ, ಮಾಡಿಯೂ ಸಾಲ ಮಾಡಿದ್ದೇವೆ.

ಈಗ ವಿಷಯಕ್ಕೆ. ಶೇಷ_ಸೊನ್ನೆಯವರ ಲೆಕ್ಕ ಸರಿ, ಸಲಹೆ ತಪ್ಪು. ನಾನು ಮಾಡಿ ಕೈಸುಟ್ಟುಕೊಂಡವಳು. ಎರಡನೇ ವರ್ಷದಿಂದ ಬಂದದ್ದನ್ನೆಲ್ಲ ಬಡ್ಡಿಗೆ ಕಟ್ಟಿದೆ. ಪಾಸ್‌ಬುಕ್ ನೋಡಿದರೆ ಹೆಮ್ಮೆ, ಪರ್ಸ್ ನೋಡಿದರೆ ಸೊನ್ನೆ. ಮೂರನೇ ವರ್ಷದ ಪ್ರಾಜೆಕ್ಟ್ ಒಪ್ಪಿಸಲು ಹನ್ನೊಂದು ದಿನ ಇರುವಾಗ ಲ್ಯಾಪ್‌ಟಾಪಿನ ಪರದೆ ಹೋಯಿತು. ಮನೆಯಲ್ಲಿ ಕೇಳುವ ಸ್ಥಿತಿ ಇರಲಿಲ್ಲ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆಪ್ ಒಂದರಿಂದ 8,000 ತೆಗೆದುಕೊಂಡೆ. ಸಂಸ್ಕರಣಾ ಶುಲ್ಕವೆಂದು 800 ಹಿಡಿದುಕೊಂಡು ಕೈಗೆ 7,200 ಕೊಟ್ಟರು. ತಿಂಗಳಿಗೆ ಶೇ. 3 ಬಡ್ಡಿ, ಅದೂ 8,000ಕ್ಕೆ! ತೀರಿಸಲು ಎಂಟು ತಿಂಗಳು ಹಿಡಿಯಿತು. ಶೇ. 10ರ ಸಾಲವನ್ನು ನಿಷ್ಠೆಯಿಂದ ತೀರಿಸುತ್ತಾ ಶೇ. 36ರ ಸಾಲವನ್ನು ಮೈಮೇಲೆ ಎಳೆದುಕೊಂಡೆ. ಬ್ಯಾಂಕಿಗೆ ಕಟ್ಟಿದ ಬಡ್ಡಿಯನ್ನು ವಾಪಸ್ ಕೊಡಿ ಎಂದು ಕೇಳಲು ಬರುತ್ತದೆಯೇ?

ಶೇಷ_ಸೊನ್ನೆ:
ಶೇ. 36 ಅಲ್ಲ. ಬಡ್ಡಿ ಬಾಕಿ ಉಳಿದು ಅಸಲಿಗೆ ಸೇರುತ್ತಾ ಹೋದರೆ ತಿಂಗಳಿಗೆ ಶೇ. 3 ಎಂದರೆ ವರ್ಷಕ್ಕೆ ಸುಮಾರು ಶೇ. 42.6.

ನೀಲಿಶಾಯಿ:
ಗಾಯಕ್ಕೆ ಉಪ್ಪು ಹಾಕಿದ್ದಕ್ಕೆ ಧನ್ಯವಾದ. ದಶಮಾಂಶ ಸ್ಥಾನವನ್ನೂ ಬಿಡಲಿಲ್ಲ.

ಹಿಂಬರಹ:
ಎಪ್ಪತ್ತೆರಡರ ಸೂತ್ರ ಗೊತ್ತಿದ್ದರೆ ಇಂಥ ಸಾಲವನ್ನು ನೋಡಿದೊಡನೆ ಬಾಯಲ್ಲೇ ಲೆಕ್ಕ ಹಾಕಬಹುದು. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ಕಾಲದಲ್ಲಿ ಇಮ್ಮಡಿಯಾಗುತ್ತದೆ ಎಂದು ತಿಳಿಯುತ್ತದೆ. ಶೇ. 10ಕ್ಕೆ ಏಳು ವರ್ಷಕ್ಕೂ ಮೇಲೆ. ತಿಂಗಳಿಗೆ ಶೇ. 3 ಆದರೆ 24 ತಿಂಗಳು, ಎರಡೇ ವರ್ಷ. ಇಟಲಿಯ ಲೂಕಾ ಪಾಚೋಲಿ 1494ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಜಮಾ-ಖರ್ಚಿನ ಜೋಡಿ ನಮೂದು ಪದ್ಧತಿಯನ್ನು ಅಚ್ಚಿನಲ್ಲಿ ವಿವರಿಸಿದವನೂ ಅವನೇ.

ಹಳೆ_ಲೆಡ್ಜರ್:
ಪಾಚೋಲಿಯ ಹೆಸರು ಕೇಳಿ ಎಷ್ಟು ವರ್ಷವಾಯಿತು! ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ವ್ಯವಸ್ಥಾಪಕರು ದಿನದ ಕೊನೆಗೆ ಲೆಕ್ಕ ತಾಳೆಯಾಗದಿದ್ದರೆ ಅವನನ್ನೇ ಬೈಯುತ್ತಿದ್ದರು.

ಕೊನೆಯ_ಬೆಂಚು:
ಹುಡುಗ ಲ್ಯಾಪ್‌ಟಾಪ್ ಕೇಳಿದ. ನಾವು ಹದಿನೈದನೇ ಶತಮಾನಕ್ಕೆ ಬಂದಿದ್ದೇವೆ.

ಜಿಪುಣಾಗ್ರೇಸರ:
ಲ್ಯಾಪ್‌ಟಾಪಿಗೆ ನಾನು ಬರುತ್ತೇನೆ, ತಾಳಿ. "ಬಡ್ಡಿಯಿಲ್ಲದ ಕಂತು" ಎಂದಾಗ ಅಂಗಡಿಯವನಿಗೆ ಒಂದೇ ಒಂದು ಪ್ರಶ್ನೆ ಕೇಳಿ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು? ಉದಾಹರಣೆಗೆ ತಿಂಗಳಿಗೆ 2,500ರಂತೆ ಹನ್ನೆರಡು ಕಂತು, ಒಟ್ಟು 30,000. ನಗದಿಗೆ ಕೇಳಿದರೆ "ನಿಮಗಾಗಿ 28,000" ಎನ್ನುತ್ತಾನೆ. ಹಾಗಾದರೆ ಆ 2,000 ಏನು? ಬಡ್ಡಿಯೇ. ರಿಯಾಯಿತಿಯ ವೇಷ ಹಾಕಿದೆ ಅಷ್ಟೇ.

"28,000ಕ್ಕೆ 2,000 ಎಂದರೆ ಶೇ. 7, ಪರವಾಗಿಲ್ಲ" ಎನ್ನಬೇಡಿ. ಪ್ರತಿ ತಿಂಗಳೂ ಬಾಕಿ ಇಳಿಯುತ್ತಾ ಹೋಗುತ್ತದೆ, ಇಡೀ ವರ್ಷ 28,000 ನಿಮ್ಮ ಕೈಯಲ್ಲಿ ಇರುವುದಿಲ್ಲ. ನಿಜವಾದ ದರ ಸುಮಾರು ಶೇ. 13. ನಿಮ್ಮ ಶಿಕ್ಷಣ ಸಾಲಕ್ಕಿಂತ ದುಬಾರಿ. ಜೊತೆಗೆ ಮೂರು ಸಾವಿರದಲ್ಲಿ 2,500 ಹೋದರೆ ಬಡ್ಡಿಯೂ ಇಲ್ಲ, ಉಳಿತಾಯವೂ ಇಲ್ಲ. ಹಳೆಯದಕ್ಕೆ ಏನಾಗಿದೆ ಎಂದು ಮೊದಲು ನೋಡಿಸಿ. ನನ್ನದು ಸತ್ತೇ ಹೋಯಿತು ಎಂದುಕೊಂಡಿದ್ದೆ. ಬ್ಯಾಟರಿ ಬದಲಿಸಿ, ಡಿಸ್ಕ್ ಬದಲಿಸಿದ ಮೇಲೆ ಇನ್ನೂ ಮೂರು ವರ್ಷ ದುಡಿಯಿತು.

ಅರ್ಧ_ಪುಟ:
ಮೂರು ಸಾವಿರ ಸಾಲದಿದ್ದರೆ ಇನ್ನಷ್ಟು ಮಕ್ಕಳಿಗೆ ಹೇಳಿಕೊಡಬಹುದಲ್ಲ ಎಂದು ಯಾರಾದರೂ ಹೇಳುವ ಮೊದಲೇ ನಾನು ಹೇಳಿಬಿಡುತ್ತೇನೆ: ಬೇಡ. ನಾನು ಇಬ್ಬರಿಂದ ಆರು ಮಕ್ಕಳಿಗೆ ಏರಿಸಿದೆ. ಸಂಜೆ ಐದರಿಂದ ರಾತ್ರಿ ಒಂಬತ್ತು. ಕೈಯಲ್ಲಿ ಹಣ ಆಡತೊಡಗಿತು, ಖುಷಿಯೋ ಖುಷಿ. ನನಗೆ ಬರುತ್ತಿದ್ದ ವಿದ್ಯಾರ್ಥಿವೇತನಕ್ಕೆ ಪ್ರತಿ ವರ್ಷ ಶೇ. 60 ಅಂಕ ಇರಬೇಕೆಂಬ ಷರತ್ತು ಇತ್ತು. ಆ ವರ್ಷ ಶೇ. 57 ಬಂತು. ಆರು ಮಕ್ಕಳಿಂದ ವರ್ಷವಿಡೀ ಬಂದದ್ದಕ್ಕಿಂತ ಹೋದ ವಿದ್ಯಾರ್ಥಿವೇತನ ದೊಡ್ಡದು. ಆರು ಮಕ್ಕಳೂ ಚೆನ್ನಾಗಿ ಪಾಸಾದರು, ಅದು ಬೇರೆ ಮಾತು.

ಎರಡು_ಮಕ್ಕಳ_ಅಪ್ಪ:
ಇದನ್ನೇ ನಾನು ನನ್ನ ಮಗಳಿಗೆ ಹೇಳುವುದು. ಓದುವಾಗ ಓದಬೇಕು, ದುಡಿಯಲು ಇಡೀ ಜೀವನ ಇದೆ.

ನೀಲಿಶಾಯಿ:
ಖರ್ಚಿಗೆ ನೀವು ಕೊಡುತ್ತೀರಿ ಎಂದಾದರೆ ಹೇಳಬಹುದು ಸರ್. ಕೊಡುವವರಿಲ್ಲದ ಮನೆಗಳೂ ಇವೆ. ಅರ್ಧ_ಪುಟ ಅವರು ದುಡಿದದ್ದು ತಪ್ಪಲ್ಲ, ಶೇ. 60ರ ಷರತ್ತನ್ನು ತಲೆಯಲ್ಲಿ ಇಟ್ಟುಕೊಂಡು ಎಷ್ಟು ಗಂಟೆ ಎಂದು ನಿರ್ಧರಿಸಬೇಕಿತ್ತು ಅಷ್ಟೇ.

ಎರಡು_ಮಕ್ಕಳ_ಅಪ್ಪ:
ಸರಿಯಮ್ಮ, ಆ ಮಾತು ಒಪ್ಪುತ್ತೇನೆ. ನಿಜ ಹೇಳಬೇಕೆಂದರೆ ಇಬ್ಬರಲ್ಲಿ ದೊಡ್ಡವಳಿಗೆ ನಾನೂ ಸಾಲವನ್ನೇ ಮಾಡಿದ್ದೇನೆ. ಈ ಚರ್ಚೆ ನೋಡಿದ ಮೇಲೆ ಕರಾರು ಪತ್ರವನ್ನು ಹುಡುಕುತ್ತಿದ್ದೇನೆ. ಕನ್ನಡಕ ಸಿಕ್ಕಿತು, ಪತ್ರ ಸಿಗಲಿಲ್ಲ.

ಹಳೆ_ಲೆಡ್ಜರ್:
ಶಾಖೆಗೆ ಹೋಗಿ ನಕಲು ಕೇಳಿ, ಕೊಡುತ್ತಾರೆ. ಹೋದಾಗ ಇನ್ನೂ ಕೆಲವು ವಿಷಯ ಕೇಳಿಕೊಳ್ಳಿ. ಓದಿನ ಅವಧಿಯಲ್ಲೇ ಬಡ್ಡಿ ಕಟ್ಟುತ್ತಾ ಬಂದರೆ ಕೆಲವು ಬ್ಯಾಂಕುಗಳು ದರದಲ್ಲಿ ರಿಯಾಯಿತಿ ಕೊಡುತ್ತವೆ. ಕೇಳದವರಿಗೆ ತಾವಾಗಿಯೇ ಹೇಳುವವರು ಕಡಿಮೆ. ಅವಧಿಗೆ ಮುಂಚೆ ತೀರಿಸಿದರೆ ದಂಡವಿದೆಯೇ ಎಂದು ಕೇಳಿ. ದರ ಸ್ಥಿರವೋ, ಬದಲಾಗುವಂಥದ್ದೋ? ಈ ಶೇ. 10 ಮುಂದೆ ಶೇ. 11 ಆಗಬಹುದು.

ಇನ್ನೊಂದು ಮಾತು, ನನ್ನ ಸರ್ವಿಸಿನಲ್ಲಿ ಬೆರಳೆಣಿಕೆಯಷ್ಟು ಹುಡುಗರು ಮಾತ್ರ ಮಾಡಿದ್ದು. ಮಂಜೂರಾದದ್ದನ್ನೆಲ್ಲ ತೆಗೆದುಕೊಳ್ಳಲೇಬೇಕು ಎಂದಿಲ್ಲ. ಮೂರನೇ ವರ್ಷ ವಿದ್ಯಾರ್ಥಿವೇತನವೋ ಮನೆಯ ಹಣವೋ ಬಂತು ಎಂದುಕೊಳ್ಳಿ. ಆ ವರ್ಷದ ಬಿಡುಗಡೆಯಲ್ಲಿ 10,000 ಕಡಿಮೆ ಕೇಳಿದರೆ ಕಂತು ಶುರುವಾಗುವ ಮೊದಲೇ ಮೂರು ವರ್ಷದ ಬಡ್ಡಿ, ಅಂದರೆ 3,000 ಉಳಿಯಿತು. ಸಾಲ ತೀರಿಸುವುದಕ್ಕಿಂತ ಸಾಲ ತೆಗೆದುಕೊಳ್ಳದೆ ಇರುವುದು ಸುಲಭ.

ದಾರಿಹೋಕ:
ಈ ತಲೆನೋವೇ ಇರಬಾರದು. ಕಾಲೇಜು ಉಚಿತವಾಗಿರಬೇಕು. ಜರ್ಮನಿ ನೋಡಿ.

ಹಿಂಬರಹ:
ನೋಡೋಣ. ಜರ್ಮನಿಯಲ್ಲೂ ನಡುವೆ ಕೆಲವು ರಾಜ್ಯಗಳು ಶುಲ್ಕ ತಂದಿದ್ದವು. ಕೊನೆಯದಾಗಿ ಲೋವರ್ ಸ್ಯಾಕ್ಸನಿ 2014ರಲ್ಲಿ ತೆಗೆದುಹಾಕಿತು. ಆದರೆ ಬೋಧನಾ ಶುಲ್ಕ ಹೋದರೂ ಬಾಡಿಗೆ, ಊಟ, ಸೆಮಿಸ್ಟರ್ ವಂತಿಗೆ ಹೋಗುವುದಿಲ್ಲ. ನಮ್ಮ ಹುಡುಗನ ಹಣ ಇಪ್ಪತ್ತಕ್ಕೆ ಮುಗಿಯುತ್ತಿರುವುದು ಶುಲ್ಕದಿಂದಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಆಸ್ಟ್ರೇಲಿಯಾ. 1989ರಿಂದ ಅಲ್ಲಿ ಶುಲ್ಕವನ್ನು ಸಾಲವಾಗಿ ಬರೆದುಕೊಂಡು, ಮುಂದೆ ಆದಾಯ ಒಂದು ಮಿತಿ ದಾಟಿದ ಮೇಲೆ ತೆರಿಗೆಯ ಜೊತೆ ವಸೂಲಿ ಮಾಡುತ್ತಾರೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಇದನ್ನು ರೂಪಿಸಿದ ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್ಮನ್.

ಇದಕ್ಕೂ ಮೊದಲು ಅಮೆರಿಕದ ಯೇಲ್ ವಿಶ್ವವಿದ್ಯಾಲಯ 1970ರ ದಶಕದಲ್ಲಿ ಇದೇ ಬಗೆಯ ಪ್ರಯೋಗ ಮಾಡಿ ಕೈಸುಟ್ಟುಕೊಂಡಿತ್ತು. ಪ್ರತಿ ಸಾವಿರ ಡಾಲರ್ ಸಾಲಕ್ಕೆ ಆದಾಯದ ಶೇ. 0.4ನ್ನು ವರ್ಷವರ್ಷ ಕಟ್ಟಬೇಕು, ಗರಿಷ್ಠ 35 ವರ್ಷ. ಇಷ್ಟೇ ಆಗಿದ್ದರೆ ಚೆನ್ನ. ಆದರೆ ಒಂದು ತಂಡದವರ ಒಟ್ಟು ಸಾಲ ತೀರುವವರೆಗೆ ಯಾರಿಗೂ ಬಿಡುಗಡೆಯಿಲ್ಲ ಎಂದಿತ್ತು. ಕೆಲವರು ಕಟ್ಟಲಿಲ್ಲ, ಕಟ್ಟುತ್ತಿದ್ದವರ ಹೆಗಲಿಗೆ ಅವರ ಪಾಲೂ ಬಿತ್ತು. ತಮ್ಮ ಸಾಲವನ್ನು ಎಂದೋ ತೀರಿಸಿದವರು ಸಹಪಾಠಿಗಳ ಬಾಕಿಗಾಗಿ ವರ್ಷಗಟ್ಟಲೆ ಕಟ್ಟಿದರು. ಕೊನೆಗೆ ವಿಶ್ವವಿದ್ಯಾಲಯವೇ ಉಳಿದ ಬಾಕಿಯನ್ನು ಮನ್ನಾ ಮಾಡಬೇಕಾಯಿತು.

ಕೊನೆಯ_ಬೆಂಚು:
ಅಂದರೆ ಯೇಲ್‌ನಲ್ಲಿ ಎಲ್ಲರಿಗೂ ಒಬ್ಬೊಬ್ಬ ರೂಮಿನ ಗೆಳೆಯ ಇದ್ದ.

ಇಪ್ಪತ್ತರ_ಬಳಿಕ:
ಅದೇ ಮಾತು ಬಂತು, ಕೇಳಿಯೇ ಬಿಡುತ್ತೇನೆ. ಅವನು ಈಗ ಕಂತಿನಲ್ಲಿ ಮೊಬೈಲ್ ಕೊಳ್ಳಲು ನನ್ನ ಹೆಸರಿನಲ್ಲಿ ಅರ್ಜಿ ಹಾಕೋಣ ಎನ್ನುತ್ತಿದ್ದಾನೆ. ಕಂತನ್ನು ಅವನೇ ಕಟ್ಟುತ್ತಾನಂತೆ.

ಹಳೆ_ಲೆಡ್ಜರ್:
ಬೇಡ.

ನೀಲಿಶಾಯಿ:
ಬೇಡ.

ಶೇಷ_ಸೊನ್ನೆ:
ಬೇಡ. ಈ ಚರ್ಚೆಯಲ್ಲಿ ನೀಲಿಶಾಯಿ ಮತ್ತು ನಾನು ಒಪ್ಪಿದ ಮೊದಲ ವಿಷಯ ಇದು.

ಎರಡು_ಮಕ್ಕಳ_ಅಪ್ಪ:
ಮಗನೇ, ಬೇಡವೇ ಬೇಡ. ಕಂತು ತಪ್ಪಿದರೆ ಫೋನ್ ಬರುವುದು ನಿನಗೆ, ದಾಖಲೆ ಕೆಡುವುದು ನಿನ್ನದು. ಹತ್ತು ವರ್ಷದ ಮೇಲೆ ಮನೆ ಸಾಲ ಕೇಳಲು ಹೋದಾಗಲೂ ಇದನ್ನು ತೆಗೆದು ತೋರಿಸಬಹುದು.

ಜಿಪುಣಾಗ್ರೇಸರ:
ಎರಡು ಸಾವಿರವನ್ನು ಕೇಳಲು ಮುಜುಗರವಾದರೆ ಒಂದು ಉಪಾಯ. "ಯಾವಾಗ ಕೊಡುತ್ತೀಯ?" ಎಂದು ಕೇಳಬೇಡಿ, ಅದಕ್ಕೆ "ಬೇಗ" ಎಂಬ ಸಿದ್ಧ ಉತ್ತರ ಇದೆ. "ಐನೂರರಂತೆ ನಾಲ್ಕು ಸಲ ಕೊಡು, ಮೊದಲ ಐನೂರು ಈ ಭಾನುವಾರ" ಎನ್ನಿ. ರೂಮಿನ ಬಾಡಿಗೆ ಹಂಚಿಕೊಳ್ಳುತ್ತಿದ್ದರೆ ಇನ್ನೂ ಸುಲಭ, ಅವನಿಗೆ ಮೊದಲೇ ಹೇಳಿ ನಿಮ್ಮ ಪಾಲಿನಲ್ಲಿ ಮುರಿದುಕೊಳ್ಳಿ.

ಇಪ್ಪತ್ತನೇ ತಾರೀಖಿನ ಸಮಸ್ಯೆಗೂ ಮದ್ದು ಇದೆ. ಹಣ ಬಂದ ದಿನವೇ ಬಾಡಿಗೆಯಂಥ ಕಡ್ಡಾಯ ಖರ್ಚು ತೆಗೆದುಹಾಕಿ. ಉಳಿದದ್ದನ್ನು ತಿಂಗಳ ಲೆಕ್ಕದಲ್ಲಿ ನೋಡಲೇಬೇಡಿ. ಕಾರ್ಡ್ ಇಲ್ಲದ, ಮೊಬೈಲಿಗೆ ಜೋಡಿಸದ ಇನ್ನೊಂದು ಖಾತೆಗೆ ಹಾಕಿ, ಪ್ರತಿ ಸೋಮವಾರ ಒಂದು ವಾರದ ಪಾಲು ಮಾತ್ರ ಈಚೆಗೆ ಬರಲಿ. ಒಂದನೇ ತಾರೀಖು ಎಲ್ಲರೂ ಶ್ರೀಮಂತರು. ವಾರಕ್ಕೊಂದು ಪಾಲು ಮಾಡಿದರೆ ಬಡತನ ಭಾನುವಾರ ಒಂದೇ ದಿನ. ಸೋಮವಾರವೇ ಏಕೆ ಎಂದರೆ, ಶುಕ್ರವಾರ ಹಾಕಿಕೊಂಡರೆ ಎರಡು ದಿನದಲ್ಲಿ ಮುಗಿಯುತ್ತದೆ. ನೋಡಿದ್ದೇನೆ.

ಪ್ರವೇಶದ ವೇಳೆ ಕಟ್ಟಿದ ಠೇವಣಿ ನೆನಪಿದೆಯೇ? ಗ್ರಂಥಾಲಯದ್ದು, ಪ್ರಯೋಗಾಲಯದ್ದು, ಹಾಸ್ಟೆಲ್‌ನದ್ದು. ಮರಳಿ ಸಿಗುವ ಹಣ ಅದು, ರಸೀದಿ ಇದ್ದರೆ. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಕೇಳಲೇ ಇಲ್ಲ. ನಾನು ಕೇಳಿದೆ, ಹೆಸರಿಗೆ ತಕ್ಕಂತೆ.

ಮೇಲ್ವಿಚಾರಕ:
ಸಾಲ ಕೊಡಿಸುವ ಆಪ್‌ನ ಕೊಂಡಿ ಹಾಕಿದ್ದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಈ ಚರ್ಚೆಯಲ್ಲಿ ಅದನ್ನು ಹಾಕಲು ಧೈರ್ಯ ಬೇಕು.

ಶೇಷ_ಸೊನ್ನೆ:
ನೀಲಿಶಾಯಿಯವರ ಮಾತನ್ನು ಸೇರಿಸಿ ಲೆಕ್ಕವನ್ನು ತಿದ್ದುತ್ತೇನೆ. ಮೊದಲ ಮೂರು ತಿಂಗಳು ಬಡ್ಡಿ ಬೇಡ. ಮೂರು ಸಾವಿರದಂತೆ 9,000 ಕೂಡಿಡಿ, ಲ್ಯಾಪ್‌ಟಾಪ್ ದುರಸ್ತಿ ಅದರಲ್ಲೇ ಆಗಲಿ. ನಾಲ್ಕನೇ ತಿಂಗಳಿಂದ ಬಡ್ಡಿ. ಈಗ ಬಿಡುಗಡೆಯಾಗಿರುವುದು ಎರಡು ಲಕ್ಷ, ತಿಂಗಳ ಬಡ್ಡಿ 1,667. ಮೂರನೇ ವರ್ಷ 2,500 ಆಗುತ್ತದೆ, ಆಗಲೂ ಕಟ್ಟಬಹುದು. ನಾಲ್ಕನೇ ವರ್ಷ 3,333. ಅಲ್ಲಿಗೆ ನಿಮ್ಮ ಮೂರು ಸಾವಿರ ಸಾಲದು, ಆದಷ್ಟು ಕಟ್ಟಿ. ಮೊದಲ ವರ್ಷದ 10,000 ಬಾಕಿ ಹೇಗೂ ಇದೆ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀಲಿಶಾಯಿ:
ಮೂರನೇ ವರ್ಷ 3,000ದಲ್ಲಿ 2,500 ಬಡ್ಡಿಗೆ? ಮತ್ತೆ ಅದೇ ಕಥೆ. ಅರ್ಧ ಕಟ್ಟಿದರೂ ಬ್ಯಾಂಕಿನವರು ಬೇಡ ಎನ್ನುವುದಿಲ್ಲ. ಅಂತಿಮ ವರ್ಷ ಸಂದರ್ಶನಗಳ ಓಡಾಟ ಇರುತ್ತದೆ, ಅದಕ್ಕೆ ಕೈಯಲ್ಲಿ ಹಣ ಬೇಕು. ನನ್ನ ಸಹಪಾಠಿಯೊಬ್ಬಳು ರೈಲು ಟಿಕೆಟ್‌ಗೆ ಹಣವಿಲ್ಲದೆ ಸಂದರ್ಶನವನ್ನೇ ಬಿಟ್ಟಳು. ಅದರ ಬಡ್ಡಿಯನ್ನು ಯಾವ ಸೂತ್ರದಲ್ಲಿ ಹಾಕುತ್ತೀರಿ?

ಶೇಷ_ಸೊನ್ನೆ:
ಅದಕ್ಕೆ ಸೂತ್ರ ಇಲ್ಲ. ಮೂರನೇ ವರ್ಷ ಅರ್ಧ ಎಂದೇ ಇಟ್ಟುಕೊಳ್ಳೋಣ.

ಇಪ್ಪತ್ತರ_ಬಳಿಕ:
ಎರಡು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಬ್ಯಾಂಕಿಗೆ ಹೋಗಿದ್ದೆ. ಓದಿನ ಅವಧಿಗೆ ಸರಳ ಬಡ್ಡಿಯೇ. ದರ ಬದಲಾಗುವಂಥದ್ದು. ಬಡ್ಡಿ ಕಟ್ಟುತ್ತಾ ಬಂದರೆ ರಿಯಾಯಿತಿ ಇದೆಯೇ ಎಂದು ಕೇಳಿದೆ, ಕೌಂಟರಿನವರು ಒಂದು ಕ್ಷಣ ನನ್ನನ್ನೇ ನೋಡಿ "ಇದನ್ನು ನಿಮಗೆ ಯಾರು ಹೇಳಿದರು?" ಎಂದರು. ಇದೆಯಂತೆ, ಅರ್ಜಿ ಕೊಟ್ಟು ಬಂದೆ. ಹಳೆ_ಲೆಡ್ಜರ್ ಸರ್, ನಿಮಗೆ ನಮಸ್ಕಾರ.

ಲ್ಯಾಪ್‌ಟಾಪಿಗೆ ಬ್ಯಾಟರಿ ಮಾತ್ರ ಬದಲಾಯಿಸಿದೆ, ಓಡುತ್ತಿದೆ. ಸೋಮವಾರದ ಪದ್ಧತಿ ಎರಡು ವಾರ ನಡೆಯಿತು. ಮೊದಲ ವಾರ ಶನಿವಾರವೇ ಮುಗಿಯಿತು, ಎರಡನೇ ವಾರ 40 ಉಳಿಯಿತು. ಮೊಬೈಲಿನ ಅರ್ಜಿಗೆ ಆಗುವುದಿಲ್ಲ ಎಂದೆ. ಗೆಳೆಯ ಎರಡು ದಿನ ಮಾತು ಬಿಟ್ಟಿದ್ದ, ಮೂರನೇ ದಿನ ತಾನಾಗಿಯೇ ಬಂದು ಒಂದು ಸಾವಿರ ಕೊಟ್ಟ.

ಜಿಪುಣಾಗ್ರೇಸರ:
ಉಳಿದ ಸಾವಿರ?

ಇಪ್ಪತ್ತರ_ಬಳಿಕ:
ಇಪ್ಪತ್ತನೇ ತಾರೀಖಿನ ನಂತರ ಎಂದಿದ್ದಾನೆ.